ತಂತಿಯ ತುದಿ ಹಿಡಿದವಳು

ಸೂಜಿಯ ಮೈಯಲ್ಲಿ ಮಾಂಸ ಕಡಿಮೆ, ಬಾಯಲ್ಲಿ ಮಾತು ಜಾಸ್ತಿ. ಇಂಟರ್ನೆಟ್ ಕಂಪನಿಯ ಕೇಬಲ್ ಎಳೆಯುವ ಕೆಲಸಕ್ಕೆ ಬೇಕಾಗಿದ್ದದ್ದು ಮೊದಲನೆಯದು. ಎರಡನೆಯದನ್ನು ಕಂಪನಿ ಕೇಳಿರಲಿಲ್ಲ. ಅವಳೇ ಪುಕ್ಕಟೆಯಾಗಿ ಕೊಡುತ್ತಿದ್ದಳು.

ರಸ್ತೆಯ ಕೆಳಗೆ ಅಲ್ಲಲ್ಲಿ ಸಿಮೆಂಟಿನ ಗುಂಡಿಗಳಿವೆ. ಮೇಲೆ ಕಬ್ಬಿಣದ ಮುಚ್ಚಳ. ಜನ ಅದರ ಮೇಲೆ ಚಪ್ಪಲಿ ಸದ್ದು ಮಾಡುತ್ತಾ ಓಡಾಡುತ್ತಾರೆ, ಕೆಳಗೆ ಏನಿದೆ ಎಂದು ಕೇಳುವುದಿಲ್ಲ. ಗುಂಡಿಯ ಬಾಯಿ ಎರಡು ಗೇಣು. ಊಟ ಮಾಡಿದ ಗಂಡಸು ಅದರಲ್ಲಿ ಇಳಿಯಲಾರ. ಸೂಜಿ ಇಳಿಯುತ್ತಿದ್ದಳು. ಕೈ ಎರಡನ್ನೂ ಮೇಲೆತ್ತಿ, ಒಂದು ಭುಜ ಮೊದಲು, ಇನ್ನೊಂದು ಆಮೇಲೆ. ಒಳಗೆ ಸೊಂಟದವರೆಗೆ ನೀರು. ಬೀದಿ ಏನೇನು ಬೇಡವೆಂದು ಬಿಟ್ಟಿತ್ತೋ ಎಲ್ಲವೂ ಆ ನೀರಿನಲ್ಲಿ. ಅದನ್ನು ಬಕೆಟ್ಟಿನಲ್ಲಿ ತುಂಬಿ ಮೇಲೆ ಕೊಡಬೇಕು. ನೀರು ಇಳಿದ ಮೇಲೆ ಕೈಯಿಂದ ತಡವಿ ಕೊಳವೆಯ ಬಾಯಿ ಹುಡುಕಬೇಕು. ಒಡೆದ ಗಾಜು ಸಿಕ್ಕರೆ ಅದನ್ನೂ ಕೈಯಿಂದಲೇ ಹುಡುಕಿದಂತೆ. ಕೇಬಲ್ಲಿಗೆ ಹಗ್ಗ ಕಟ್ಟಿ, ಗ್ರೀಸು ಬಳಿದು, "ಎಳೀರಿ" ಎಂದು ಕೂಗಬೇಕು. ಮೇಲೆ ನಾಲ್ಕು ಹೆಂಗಸರು ಎಳೆಯುತ್ತಾರೆ. ಹೀಗೆ ಆರು ವರ್ಷ. ಅವಳ ಮೊಣಕೈಯ ಚರ್ಮ ಎಷ್ಟು ಸಲ ಹೋಗಿತ್ತೆಂದರೆ ಹೊಸದು ಬರುವುದಕ್ಕೇ ಬೇಸರಪಟ್ಟುಕೊಂಡಿತ್ತು.

ಒಮ್ಮೆ ದಾರಿಹೋಕನೊಬ್ಬ ಕುಡಿದ ಕಾಗದದ ಲೋಟವನ್ನು ತೆರೆದ ಗುಂಡಿಗೆ ಎಸೆದು ಹೋದ. ಸೂಜಿ ಅದನ್ನು ಹಾಗೇ ವಾಪಸ್ ಎಸೆದಳು. ಗುಂಡಿಯೊಳಗಿಂದ ಲೋಟ ಹಾರಿ ಬಂದದ್ದನ್ನು ನೋಡಿ ಅವನು ಓಡಿದ್ದು ಹಗ್ಗ ಎಳೆಯುವವರಿಗೆ ಒಂದು ವಾರದ ನಗೆಯಾಯಿತು.

ಕೆಳಗಿನ ಬೀದಿಯಲ್ಲಿ ಅವಳ ಮನೆ. ಒಂದು ಕೋಣೆ, ಒಂದು ಕಿಟಕಿ, ಒಬ್ಬಳು ತಂಗಿ. ತಂಗಿಗೆ ಹುಟ್ಟಿನಿಂದ ಕಣ್ಣಿಲ್ಲ. ಅವಳು ಪದವಿಯ ಕೊನೆಯ ವರ್ಷ ಓದುತ್ತಿದ್ದಳು, ಇತಿಹಾಸ. ಓದುತ್ತಿದ್ದಳು ಎನ್ನುವುದಕ್ಕಿಂತ ಕೇಳುತ್ತಿದ್ದಳು. ಪುಸ್ತಕಗಳು ಕಣ್ಣಿದ್ದವರಿಗಾಗಿ ಅಚ್ಚಾಗಿದ್ದವು. ಕಾಲೇಜಿನಲ್ಲಿ ಕೇಳಿದರೆ, "ಧ್ವನಿ ಪುಸ್ತಕ ಬರುತ್ತೆ ಬರುತ್ತೆ" ಅಂದರು. ಮೂರು ವರ್ಷದಿಂದ ಅದು ದಾರಿಯಲ್ಲೇ ಇತ್ತು.

ಆದ್ದರಿಂದ ಕೆಳಗಿನ ಬೀದಿಯೇ ಓದಿತು. ತಂಗಿ ಒಂದೊಂದು ಪಾಠ ಒಬ್ಬೊಬ್ಬರಿಗೆ ಹಂಚಿದಳು. ಅವರು ಫೋನಿನ ಮುಂದೆ ಕೂತು ಗಟ್ಟಿಯಾಗಿ ಓದಬೇಕು, ಅವಳು ಅದನ್ನು ಕಂಪ್ಯೂಟರಿಗೆ ಹಾಕಿಕೊಳ್ಳುತ್ತಾಳೆ. ಪಕ್ಕದ ಮನೆಯ ಟೈಲರ್ ಅತ್ತೆ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಓದುತ್ತಿದ್ದಳು. ಅವಳ ಪಾಠದಲ್ಲಿ ರಾಜರೆಲ್ಲ ಹಲ್ಲು ಕಚ್ಚಿಕೊಂಡೇ ಯುದ್ಧ ಮಾಡುತ್ತಿದ್ದರು. ಬಸ್ಸಿನ ಕೆಲಸದಿಂದ ನಿವೃತ್ತನಾದ ಕಂಡಕ್ಟರ್ ಮಾವ ಶತಮಾನಗಳನ್ನು ನಿಲ್ದಾಣಗಳ ಹಾಗೆ ಕೂಗುತ್ತಿದ್ದ. "ಹದಿನೇಳನೇ ಶತಮಾನ! ಮುಗೀತು! ಮುಂದೆ ಹದಿನೆಂಟು, ಹದಿನೆಂಟು!" ಎಂದು ಅವನು ಓದುವಾಗ ಒಬ್ಬ ದೊರೆಯೂ ಸೀಟು ಬಿಟ್ಟು ಏಳುವಂತಿರಲಿಲ್ಲ.

ಇಂಥ ಬೀದಿಗಳು ಬೇರೆ ಊರುಗಳಲ್ಲೂ ಇದ್ದವು. ಹನ್ನೊಂದು ಊರು, ನಲವತ್ತಮೂರು ಜನ ಕಣ್ಣಿಲ್ಲದ ವಿದ್ಯಾರ್ಥಿಗಳು. ಎಲ್ಲವನ್ನೂ ಒಂದೇ ಕಡೆ ಕೂಡಿಡುವ ಗೋದಾಮು ಇವರ ಹತ್ತಿರ ಇರಲಿಲ್ಲ. ಒಬ್ಬರ ಕಂಪ್ಯೂಟರಿನಲ್ಲಿದ್ದದ್ದು ತುಂಡು ತುಂಡಾಗಿ ಇನ್ನೊಬ್ಬರ ಕಂಪ್ಯೂಟರಿಗೆ ಹೋಗುತ್ತಿತ್ತು. ಅಲ್ಲಿಂದ ಮತ್ತೊಬ್ಬರಿಗೆ. ಕೊಟ್ಟವರೇ ತೆಗೆದುಕೊಳ್ಳುವವರು. ಇದಕ್ಕೆ ಕಂಪನಿಯ ಭಾಷೆಯಲ್ಲಿ ಫೈಲ್ ಹಂಚಿಕೆ ಎಂದು ಹೆಸರು. ತಂಗಿಯ ಭಾಷೆಯಲ್ಲಿ ಅದಕ್ಕೆ ಓದು ಎಂದು ಹೆಸರು.

ಪರೀಕ್ಷೆ ಸೋಮವಾರ. ಅದಕ್ಕೆ ಮುಂಚಿನ ಬುಧವಾರ ಬೆಳಿಗ್ಗೆ, ರಸ್ತೆ ಅಗೆಯುವ ಯಂತ್ರವೊಂದು ಪೇಟೆಗೆ ಬರುವ ದೊಡ್ಡ ಕೇಬಲ್ಲನ್ನು ಕಚ್ಚಿ ಎರಡು ತುಂಡು ಮಾಡಿತು. ಪೇಟೆ ಪೂರ್ತಿ, ಅದರಾಚೆಯ ಊರುಗಳೂ ಸೇರಿ, ಒಂದು ಹಳೆಯ ಸಣ್ಣ ಕೇಬಲ್ಲಿನ ಮೇಲೆ ಉಸಿರಾಡತೊಡಗಿತು. ಹತ್ತು ಗಂಟೆಗೆ ಎಲ್ಲರ ಫೋನಿಗೂ ಸಂದೇಶ ಬಂತು. ತಂಗಿಯ ಫೋನು ಅದನ್ನು ತನ್ನ ಚಪ್ಪಟೆ ದನಿಯಲ್ಲಿ ಓದಿ ಹೇಳಿತು: "ಮಾನ್ಯ ಗ್ರಾಹಕರೇ, ಜಾಲದಲ್ಲಿ ಅಡಚಣೆ ಉಂಟಾಗಿದೆ. ಎಲ್ಲರ ಹಿತದೃಷ್ಟಿಯಿಂದ ಫೈಲ್ ಹಂಚಿಕೆಯ ವೇಗವನ್ನು ತಾತ್ಕಾಲಿಕವಾಗಿ ಇಳಿಸಲಾಗಿದೆ. ನಿಮ್ಮ ಸಹಕಾರಕ್ಕೆ ಧನ್ಯವಾದಗಳು."

"ನಾನಿನ್ನೂ ಸಹಕಾರ ಕೊಟ್ಟೇ ಇಲ್ಲ, ಆಗಲೇ ಧನ್ಯವಾದ ಹೇಳ್ಬಿಟ್ರಲ್ಲ" ಎಂದಳು ತಂಗಿ.

ಅವಳಿಗೆ ಬರಬೇಕಾದದ್ದು ಒಂಬತ್ತನೇ ಪಾಠ. ಬೇರೆ ಊರಿನಲ್ಲಿ ಒಬ್ಬ ದರ್ಜಿಯ ಮಗಳು ಓದಿದ್ದು. ಎರಡು ಗಂಟೆಯ ಓದು. ಅವಳಿಂದ ಹೋಗಬೇಕಾದದ್ದು ಐದನೇ ಪಾಠ, ಕಂಡಕ್ಟರ್ ಮಾವನದು. ಕಂಪ್ಯೂಟರು ಹೇಳಿತು: "ಉಳಿದಿರುವ ಸಮಯ, ಹತ್ತೊಂಬತ್ತು ದಿನ."

ಸಂಜೆ ಸೂಜಿ ಮನೆಗೆ ಬಂದಾಗ ತಂಗಿ ಮತ್ತೊಮ್ಮೆ ಒತ್ತಿದಳು. "ಇಪ್ಪತ್ತೊಂದು ದಿನ" ಎಂದಿತು.

"ಇನ್ನೊಂದ್ಸಲ ಒತ್ತಬೇಡ" ಎಂದಳು ಸೂಜಿ. "ಅದಕ್ಕೆ ಕೋಪ ಬರ್ತಿದೆ."

ಟೈಲರ್ ಅತ್ತೆ ಬಾಗಿಲಲ್ಲಿ ಬಂದು ನಿಂತಳು. ಮುಖದಲ್ಲಿ ಕಳ್ಳತನ ಮಾಡಿದವಳ ಕಳೆ. "ಲೇ, ಹೇಳಕ್ಕೆ ನಾಚಿಕೆ ಆಗುತ್ತೆ. ನನ್ನ ಧಾರಾವಾಹಿ ಮಾತ್ರ ನೀರು ಹರಿದಂಗೆ ಓಡ್ತಾ ಇದೆ. ಕಂಪನಿಯವರದೇ ಸಿನಿಮಾ ಅಂಗಡಿ ಇದೆಯಲ್ಲ, ಅದರಲ್ಲಿ."

"ನೋಡ್ತಾ ಇದ್ದೀಯಾ?" ಎಂದಳು ತಂಗಿ.

"ನಾಚಿಕೆ ಪಟ್ಕೊಂಡೇ ನೋಡ್ತಾ ಇದ್ದೀನಿ."

ಗುರುವಾರ ಮಧ್ಯಾಹ್ನ ಸೂಜಿ ಕೆಲಸದ ನಡುವೆ ಒಂದು ಗಂಟೆ ಕೇಳಿಕೊಂಡು ತಂಗಿಯ ಜೊತೆ ಕಂಪನಿಯ ಗ್ರಾಹಕರ ಕಚೇರಿಗೆ ಹೋದಳು. ಗಾಜಿನ ಬಾಗಿಲು. ಒಳಗೆ ತಂಪು. ಕಾವಲಿನವನು ತಂಗಿಗೆ ಬಾಗಿಲು ತೆರೆದ. ಸೂಜಿಯ ಕಾಲು ನೋಡಿ ಕೈ ಅಡ್ಡ ಹಿಡಿದ.

"ಕೆಸರು."

"ನಿಮ್ಮದೇ ಗುಂಡೀದು" ಎಂದಳು ಸೂಜಿ. "ಹೊರಗಿಂದ ತಂದದ್ದಲ್ಲ."

ಅವನು ನಗಲಿಲ್ಲ. ಚಾಪೆಯ ಮೇಲೇ ನಿಲ್ಲು, ನೆಲದ ಮೇಲೆ ಕಾಲಿಡಬೇಡ ಎಂದ. ಚಾಪೆ ಬಾಗಿಲ ಬುಡದಲ್ಲಿತ್ತು. ಮೇಜು ಹದಿನೈದು ಹೆಜ್ಜೆ ದೂರ. ಅವಳು ಎಳೆದ ತಂತಿ ಆ ಮೇಜಿನವರೆಗೂ ಹೋಗಿತ್ತು. ಅವಳು ಹೋಗುವಂತಿರಲಿಲ್ಲ. ತಂಗಿ ಕೋಲು ಬಡಿಯುತ್ತಾ ಒಬ್ಬಳೇ ಹೋದಳು. ಸೂಜಿ ಚಾಪೆಯ ಮೇಲೆ ನಿಂತು ಅಲ್ಲಿಂದಲೇ ಕೂಗಿ ಮಾತಾಡಬೇಕಾಯಿತು. ಒಳಗಿದ್ದ ಎಲ್ಲರೂ ತಿರುಗಿ ನೋಡಿದರು. ಕಾಲನ್ನು ಒಂದರ ಹಿಂದೆ ಒಂದು ಮುಚ್ಚಿಕೊಳ್ಳಲು ನೋಡಿದಳು. ಎರಡೂ ಕೆಸರಾಗಿದ್ದರಿಂದ ಅದೂ ಆಗಲಿಲ್ಲ.

ಮೇಜಿನ ಹಿಂದಿದ್ದ ಗುಮಾಸ್ತೆ ತಂಗಿಯ ತಲೆಯ ಮೇಲಿಂದ ಸೂಜಿಯನ್ನು ಕೇಳಿದಳು: "ಇವರಿಗೆ ಏನು ಬೇಕಂತೆ?"

"ಇವರಿಗೆ ಕಣ್ಣು ಕಾಣಲ್ಲ" ಎಂದಳು ತಂಗಿ. "ಮಾತು ಬರುತ್ತೆ. ನನ್ನ ಪಾಠ ಬೇಕು. ಸೋಮವಾರ ಪರೀಕ್ಷೆ."

ಗುಮಾಸ್ತೆ ಕಂಪ್ಯೂಟರು ನೋಡಿದಳು. "ನೀವು ಫೈಲ್ ಶೇರಿಂಗ್ ಮಾಡ್ತೀರಾ?"

"ಮಾಡ್ತೀನಿ."

"ಅದು ಸಾಮಾನ್ಯವಾಗಿ ಸಿನಿಮಾ ಕದಿಯೋರು ಮಾಡೋದು."

"ನಾನು ಸಿನಿಮಾ ಕದ್ದು ಏನು ನೋಡ್ಲಿ, ನೀವೇ ಹೇಳಿ."

ಸಾಲಿನಲ್ಲಿದ್ದ ಇಬ್ಬರು ನಕ್ಕರು. ಗುಮಾಸ್ತೆ ಕೆಂಪಾದಳು. ಕೆಟ್ಟವಳಲ್ಲ; ಅವಳಿಗೂ ಹೇಳಿಕೊಟ್ಟದ್ದು ಅಷ್ಟೇ. ಗದ್ದಲ ಕೇಳಿ ಒಳಗಿಂದ ಮ್ಯಾನೇಜರ್ ಬಂದ. ಅವನ ಅಂಗಿಯ ಇಸ್ತ್ರಿ ಎಷ್ಟು ಗಟ್ಟಿಯಾಗಿತ್ತೆಂದರೆ ಅಂಗಿಯೇ ಅವನನ್ನು ನಡೆಸಿಕೊಂಡು ಬಂದಂತಿತ್ತು.

"ನೋಡಿ ತಾಯಿ" ಎಂದ, ಮೆತ್ತಗೆ. "ಕಷ್ಟದ ಸಮಯ. ದಾರಿ ಕಿರಿದಾಗಿದೆ. ದೊಡ್ಡ ಮೂಟೆ ಹೊತ್ತವರನ್ನ ಸ್ವಲ್ಪ ಪಕ್ಕಕ್ಕೆ ನಿಲ್ಲಿಸಿದ್ದೀವಿ. ಮೂಟೆಯೊಳಗೆ ಏನಿದೆ ಅಂತ ನಮ್ಮ ಯಂತ್ರಕ್ಕೆ ಗೊತ್ತಾಗಲ್ಲ. ಎಲ್ಲರೂ ಸ್ವಲ್ಪ ತ್ಯಾಗ ಮಾಡಬೇಕು."

ತಂಗಿ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿದಳು. ಗೋಡೆಯ ಮೇಲೆ ದೊಡ್ಡ ಟಿವಿ ಇತ್ತು. ಅದರಲ್ಲಿ ಕಂಪನಿಯ ಸಿನಿಮಾ ಅಂಗಡಿಯ ಚಿತ್ರವೊಂದು ಓಡುತ್ತಿತ್ತು. ಕುದುರೆಗಳ ಸದ್ದು, ಗುಂಡಿನ ಸದ್ದು, ಯಾರೋ ಅಳುತ್ತಿದ್ದರು. "ಹತ್ತು ನಿಮಿಷದಿಂದ ಕೇಳ್ತಾ ಇದ್ದೀನಿ" ಎಂದಳು. "ಆ ಕುದುರೆ ಎಲ್ಲೂ ಮುಗ್ಗರಿಸಲೇ ಇಲ್ಲ. ಅದು ಯಾವ ಮೂಟೆ ಸಾರ್?"

"ಅದು ಪ್ರದರ್ಶನಕ್ಕೆ."

"ಮೂಟೆಯೊಳಗೆ ಏನಿದೆ ಅಂತ ಯಂತ್ರಕ್ಕೆ ಗೊತ್ತಾಗಲ್ಲ, ಆದರೆ ಮೂಟೆ ನಿಮ್ಮದು ಅಂತ ಗೊತ್ತಾಗುತ್ತೆ!"

ಮ್ಯಾನೇಜರ್ ಗಡಿಯಾರ ನೋಡಿಕೊಂಡ. ಶನಿವಾರದ ಹೊತ್ತಿಗೆ ಸರಿಹೋಗುತ್ತದೆ, ಹೋಗಿ ಬನ್ನಿ ಎಂದ. ಬಾಗಿಲ ಹತ್ತಿರ ಬಂದವನು ಸೂಜಿಯನ್ನು ನೋಡಿದ. ಅವನ ಕಂಪನಿಗೆ ಆರು ವರ್ಷ ದುಡಿದವಳು. ಅವನು ಅವಳ ಮುಖ ಕಂಡದ್ದು ಅದೇ ಮೊದಲು. "ಚಾಪೆ ಒಗೆಸಿ" ಎಂದು ಕಾವಲಿನವನಿಗೆ ಹೇಳಿ ಒಳಗೆ ಹೋದ.

ಹೊರಗೆ ಬಂದ ಮೇಲೆ ಅಕ್ಕ ತಂಗಿ ರಸ್ತೆಗಿಳಿದರು.

"ಚಾಪೆ ಮೇಲೆ ಎಷ್ಟು ಕೆಸರು ಬಿಟ್ಟೆ?" ತಂಗಿ ಕೇಳಿದಳು.

"ಎರಡು ಪಾದ. ಅಚ್ಚುಕಟ್ಟಾಗಿ."

"ಒಳ್ಳೇದಾಯ್ತು" ಎಂದು ತಂಗಿ ಅವಳ ಕೈ ಹಿಡಿದುಕೊಂಡಳು. ಸೂಜಿ ನಗಲಿಲ್ಲ. ನಕ್ಕಂತೆ ಸದ್ದು ಮಾಡಿದಳು. ತಂಗಿಗೆ ಎರಡಕ್ಕೂ ಇರುವ ವ್ಯತ್ಯಾಸ ಗೊತ್ತಾಗುತ್ತಿತ್ತು.

ಶುಕ್ರವಾರ ಬೆಳಿಗ್ಗೆ ನಾಲ್ಕು ರಸ್ತೆ ಕೂಡುವಲ್ಲಿನ ಗುಂಡಿಗೆ ಸೂಜಿಯನ್ನು ಇಳಿಸಿದರು. ತುಂಡಾದ ಕೇಬಲ್ಲಿನ ಬದಲು ಹೊಸದನ್ನು ಅಲ್ಲಿಯವರೆಗೆ ಎಳೆದು ತರಬೇಕು. ಅದರ ತುದಿಯನ್ನು ಮೇಲೆ ಕೊಡಬೇಕು. ಮೇಲೆ ವ್ಯಾನಿನಲ್ಲಿ ಜಾಯಿಂಟರ್ ತನ್ನ ಯಂತ್ರ ಇಟ್ಟುಕೊಂಡು ಕೂತಿರುತ್ತಾನೆ. ಕೂದಲಿನಷ್ಟು ಸಣ್ಣ ಗಾಜಿನ ಎಳೆಗಳನ್ನು ಬೆಸೆಯುವುದು ಅವನ ಕೆಲಸ. ಆಮೇಲೆ ಆ ರಸ್ತೆಯುದ್ದಕ್ಕೂ ಇನ್ನೂ ಮೂರು ಗುಂಡಿ ಬಾಕಿ.

ನಲವತ್ತು ಬಕೆಟ್ ನೀರು. ಐದಾಳಿನ ಕೆಲಸಕ್ಕೆ ಒಬ್ಬಳು. ಕೊಳವೆಯೊಳಗೆ ಭುಜದವರೆಗೆ ಕೈ ಹಾಕಿ ಹಳೆಯ ಕೆಸರು ತೋಡಿದಳು. ಉಗುರು ಕಿತ್ತು ಬಂತು. ಹಗ್ಗ ಸಿಕ್ಕಿತು. ಮೇಲೆ ಹಗ್ಗ ಎಳೆಯುವವರಲ್ಲಿ ಹಿರಿಯಳಾದ ದೊಡ್ಡಕ್ಕ ತಾಳ ಹಾಕಿದಳು, ನಾಲ್ವರೂ ಎಳೆದರು. ಹತ್ತೂವರೆಗೆ ಹೊಸ ಕೇಬಲ್ಲು ಕೊಳವೆಯ ಬಾಯಿಂದ ತಲೆ ಹಾಕಿತು. ಸೂಜಿ ಅದರ ತುದಿ ಹಿಡಿದುಕೊಂಡು ಮೇಲೆ ನೋಡಿದಳು. ಎರಡು ಗೇಣು ಆಕಾಶ. ಅದರಲ್ಲಿ ಜಾಯಿಂಟರನ ತಲೆ.

"ಇದೊಂದು ಬೆಸೆದರೆ ನನ್ನ ತಂಗಿ ಪಾಠ ಬರುತ್ತಾ ಅಣ್ಣ?"

ಜಾಯಿಂಟರ್ ಹಿಂದೆ ಮುಂದೆ ನೋಡಿದ. ದನಿ ತಗ್ಗಿಸಿದ. "ನಿಂಗೆ ಯಾಕೆ ಸುಳ್ಳು ಹೇಳ್ಲಿ. ಕೇಬಲ್ ಸರಿಹೋಗುತ್ತೆ. ಆದ್ರೆ ಫೈಲ್ ಶೇರಿಂಗ್ ತಡೆ ಹಂಗೇ ಇರುತ್ತಂತೆ. ಒಂದು ತಿಂಗಳು ಇಟ್ಟು ನೋಡೋಣ ಅಂದ್ರಂತೆ ಮ್ಯಾನೇಜರ್. ದೂರು ಕೊಟ್ಟದ್ದು ಇಡೀ ಪೇಟೇಲಿ ಒಬ್ಬಳು ಕುರುಡಿ ಮಾತ್ರವಂತೆ."

ನೀರು ಮತ್ತೆ ಒಸರುತ್ತಿತ್ತು. ಮಂಡಿಯವರೆಗೆ ಬಂದಿತ್ತು. ಸೂಜಿ ಕೇಬಲ್ಲಿನ ತುದಿಯನ್ನು ಸುರುಳಿ ಮಾಡಿ, ಒದ್ದೆಯಾಗದಂತೆ ಬಟ್ಟೆ ಸುತ್ತಿ, ಗೋಡೆಯ ಕಬ್ಬಿಣದ ಪಟ್ಟಿಯ ಮೇಲಿಟ್ಟು, ಅದರ ಪಕ್ಕದಲ್ಲೇ ಕೂತಳು.

"ತುದಿ ಕೊಡು" ಎಂದ ಜಾಯಿಂಟರ್.

"ಕೊಡಲ್ಲ."

"ಏನು?"

"ಕೊಡಲ್ಲ ಅಂದೆ. ನಿಂಗೆ ಕೊಡಲ್ಲ ಅಂತ ಅಲ್ಲ ಅಣ್ಣ, ಬೇಜಾರು ಮಾಡ್ಕೋಬೇಡ. ಮ್ಯಾನೇಜರ್‌ನ ಕರಿ."

ಮೊದಲು ಬಂದವನು ಸೂಪರ್‌ವೈಸರ್. ಅವನಿಗೆ ಹೊಟ್ಟೆ ಮುಂದೆ, ಬೈಗುಳ ಅದಕ್ಕೂ ಮುಂದೆ. ಅವಳ ಜಾತಿ, ಬೀದಿ, ಅವ್ವ, ಎಲ್ಲರನ್ನೂ ಗುಂಡಿಯೊಳಗೆ ಸುರಿದ. ಸೂಜಿ ಕೇಳಿಸಿಕೊಂಡಳು. ಗುಂಡಿಗೆ ಏನೇ ಸುರಿದರೂ ಕೆಳಗೆ ಇರುವವರ ತಲೆಯ ಮೇಲೇ ಬೀಳುತ್ತದೆ. ಅವಳಿಗೆ ಅದು ಅಭ್ಯಾಸ.

"ಪೊಲೀಸರನ್ನ ಕರೀತೀನಿ!"

"ಕರೀರಿ. ಸಣ್ಣಗಿರೋರನ್ನೇ ನೋಡಿ ಕರೀರಿ."

ಹಗ್ಗದವರು ಮುಖ ತಿರುಗಿಸಿ ನಕ್ಕರು. ಅದು ಅವನಿಗೆ ತಡೆಯಲಾಗಲಿಲ್ಲ. ಅವನು ಕಬ್ಬಿಣದ ಮುಚ್ಚಳವನ್ನು ಬೂಟಿನಿಂದ ಒದ್ದು ಸರಿಸಿದ. ಅದು ಕರ್ರೆಂದು ಉಜ್ಜಿಕೊಂಡು ಗುಂಡಿಯ ಬಾಯಿಯ ಅರ್ಧಕ್ಕೆ ಬಂತು. ಆಕಾಶ ಒಂದು ಗೇಣಾಯಿತು.

ಆಗ ಸೂಜಿಗೆ ಹೆದರಿಕೆಯಾಯಿತು. ಆರು ವರ್ಷದಲ್ಲಿ ಅವಳು ಕನಸಿನಲ್ಲಿ ಹೆದರುತ್ತಿದ್ದದ್ದು ಅದೊಂದಕ್ಕೇ. ಎದೆ ಬಡಿದುಕೊಳ್ಳುವುದು ಸಿಮೆಂಟಿನ ಗೋಡೆಯಲ್ಲಿ ಕೇಳಿಸಿತು. "ಅಕ್ಕಾ" ಎಂದಳು, ಯಾರಿಗೆಂದಿಲ್ಲದೆ.

ದೊಡ್ಡಕ್ಕ ಹಗ್ಗ ಬಿಟ್ಟು ಬಂದಳು. ಅರ್ಧ ಸರಿದಿದ್ದ ಮುಚ್ಚಳವನ್ನು ಎರಡು ಕೈಯಿಂದ ಹಿಂದಕ್ಕೆಳೆದು, ಅದರ ಮೇಲೆ ಕೂತಳು. ಆ ಕಂಪನಿಯಲ್ಲಿ ದೊಡ್ಡಕ್ಕನನ್ನು ಕೂತಲ್ಲಿಂದ ಎಬ್ಬಿಸುವ ಯಂತ್ರವನ್ನು ಇನ್ನೂ ತರಿಸಿರಲಿಲ್ಲ. ಅವಳು ಕಾಲು ಚಾಚಿಕೊಂಡು, "ಬಿಸಿಲಿಗೆ ಬೆಚ್ಚಗಿದೆ" ಎಂದಳು.

ಹನ್ನೊಂದೂವರೆಗೆ ಮ್ಯಾನೇಜರ್ ಕಾರಿನಲ್ಲಿ ಬಂದ. ಗುಂಡಿಯ ಸುತ್ತ ಜನ ಸೇರಿದ್ದರು. ನಿಂತು ಮಾತಾಡಿದರೆ ಕೆಳಗಿನವಳಿಗೆ ಕೇಳುತ್ತಿರಲಿಲ್ಲ. ಬಗ್ಗಿದ, ಕೇಳಲಿಲ್ಲ. ಮಂಡಿಯೂರಿದ, ಅವಳ ಮಾತು ಇವನಿಗೆ ಕೇಳಲಿಲ್ಲ. ಕೊನೆಗೆ ರಸ್ತೆಯ ಮೇಲೆ ಬೋರಲು ಮಲಗಿ ತಲೆಯನ್ನು ಗುಂಡಿಯೊಳಗೆ ಇಳಿಬಿಟ್ಟ. ನಲವತ್ತು ಬಕೆಟ್ಟಿನ ಕೆಸರು ಅಲ್ಲೇ ಹರಡಿತ್ತು. ಅಂಗಿಯ ಇಸ್ತ್ರಿ ಅವತ್ತು ಸೋತಿತು.

"ಏನಮ್ಮಾ ಇದು? ನೀನು ನಮ್ಮ ಕೆಲಸದವಳು."

"ಹೌದು ಸಾರ್. ನಿನ್ನೆ ಚಾಪೆ ಮೇಲೆ ನಿಂತಿದ್ದೆ."

ಅವನಿಗೆ ನೆನಪಾಯಿತು. ಕೆಮ್ಮಿದ. "ನಿನ್ನ ಒಬ್ಬಳ ಹಟಕ್ಕೆ ಆಸ್ಪತ್ರೆ ಕೂಡ ನಿಂತುಹೋಗಿದೆ, ಗೊತ್ತಾ? ರೋಗಿಗಳ ಶಾಪ ತಟ್ಟುತ್ತೆ."

"ಆಸ್ಪತ್ರೆ ಕೇಬಲ್ ಹಳೇ ಸೇತುವೆ ಕಡೆಯಿಂದ ಹೋಗುತ್ತೆ ಸಾರ್. ಹೋದ ವರ್ಷ ನಾನೇ ಎಳೆದದ್ದು. ಎರಡು ಉಗುರು ಹೋಯ್ತು, ಅದಕ್ಕೇ ನೆನಪಿದೆ. ಇಲ್ಲಿಂದ ಆಸ್ಪತ್ರೆಗೆ ಏನೂ ಹೋಗಲ್ಲ."

ಮೇಲೆ ಯಾರೋ 'ಹ್ಞೂಂ' ಎಂದರು. ಮ್ಯಾನೇಜರ್ ದನಿ ಬದಲಿಸಿದ. ಜೇನು ಸುರಿಯುವ ದನಿ.

"ಆಯ್ತು. ನಿನ್ನ ತಂಗಿ ಕಣ್ಣಿಲ್ಲದ ಹುಡುಗಿ. ನಂಗೂ ಮನಸ್ಸಿದೆ. ನಿಮ್ಮ ಮನೆ ಒಂದಕ್ಕೆ ತಡೆ ತೆಗೆಸ್ತೀನಿ. ವಿಶೇಷ ಅಂತ. ಸಾಕಾ? ತುದಿ ಕೊಡು."

ಸೂಜಿಯ ಹಲ್ಲು ಕಟಕಟ ಎನ್ನುತ್ತಿತ್ತು. ಕಾಲು ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಮೂತ್ರ ಕಟ್ಟಿಕೊಂಡು ಒಂದು ಗಂಟೆಯಾಗಿತ್ತು. ಅವಳಿಗೆ ಬೇಕಾಗಿದ್ದದ್ದು ಅದೇ ಅಲ್ಲವೇ, ತಂಗಿಯ ಪಾಠ? ಸಾಕು ಎಂದುಬಿಟ್ಟರೆ ಮೇಲೆ ಬಿಸಿಲಿದೆ. ಕುತ್ತಿಗೆಗೆ ನೇತುಹಾಕಿಕೊಂಡಿದ್ದ ಪ್ಲಾಸ್ಟಿಕ್ ಚೀಲದಿಂದ ಫೋನು ತೆಗೆದು ತಂಗಿಗೆ ಕರೆ ಮಾಡಿದಳು. ಎಲ್ಲರಿಗೂ ಕೇಳುವ ಹಾಗೆ ಇಟ್ಟಳು. ವಿಷಯ ಹೇಳಿದಳು.

ತಂಗಿ ಹೇಳಿದಳು: "ಅಕ್ಕ, ನಮ್ಮ ಮನೆ ಒಂದಕ್ಕೆ ಬಿಟ್ಟರೆ ಏನೂ ಬರಲ್ಲ. ಪಾಠ ಇರೋದು ದರ್ಜಿ ಮಗಳ ಹತ್ರ. ಅವಳ ಊರಲ್ಲೂ ಇದೇ ಕಂಪನಿ, ಇದೇ ತಡೆ. ಕೊಡೋಳ ಕೈ ಕಟ್ಟಿ, ತಗೊಳ್ಳೋಳ ಕೈ ಬಿಚ್ಚಿದರೆ ಹೆಂಗೆ? ಮತ್ತೆ ಮಾವನ ಪಾಠಕ್ಕೆ ನಲವತ್ತೆರಡು ಜನ ಕಾಯ್ತಾ ಇದ್ದಾರೆ." ಆಮೇಲೆ ಕೇಳಿದಳು: "ನಿಂಗೆ ಚಳಿ ಆಗ್ತಾ ಇದೆಯಾ?"

"ಇಲ್ಲ" ಎಂದಳು ಸೂಜಿ. ಹಲ್ಲು ಕಟಕಟ ಎಂದಿತು.

ಅವಳು ತಲೆ ಎತ್ತಿದಳು. ಮ್ಯಾನೇಜರನ ತಲೆಗೂ ಅವಳ ತಲೆಗೂ ಮೂರು ಗೇಣು ದೂರ.

"ಕೇಳಿಸ್ತಲ್ಲ ಸಾರ್. ವಿಶೇಷ ಬೇಡ. ನೀವು ವಿಶೇಷ ಅಂದ್ರೆ ನಂಗೆ ಚಾಪೆ ನೆನಪಾಗುತ್ತೆ. ದಾರಿ ಕಿರಿದಾಗಿದೆ, ಒಪ್ತೀನಿ. ದಾರಿ ನಾನೇ ನೋಡಿದ್ದೀನಿ, ನೀವು ನೋಡಿಲ್ಲ. ಆಸ್ಪತ್ರೆ ಮೊದಲು ಹೋಗಲಿ. ಯಾರೋ ಸಾಯ್ತಾ ಇದ್ದಾರೆ ಅಂತ ಫೋನ್ ಮಾಡ್ತಾರೆ, ಅದು ಹೋಗಲಿ. ಆಮೇಲೆ ಉಳಿದೋರೆಲ್ಲ ಒಂದೇ ಸಾಲು. ನಿಮ್ಮ ಕುದುರೇನೂ ಸಾಲಲ್ಲೇ ನಿಲ್ಲಲಿ. ನಾನು ಗುಂಡಿ ತೋಡೋವಾಗ ಇದು ಯಾರ ಮನೆ ತಂತಿ ಅಂತ ಕೇಳಿ ತೋಡಿದ್ದೀನಾ? ಮೇಲಿನ ಬೀದೀದು ಸ್ವಲ್ಪ ಆಳಕ್ಕೆ, ಕೆಳಗಿನ ಬೀದೀದು ಸ್ವಲ್ಪ ಮೇಲಕ್ಕೆ ಹಾಕಿದ್ದೀನಾ?"

"ಇದೆಲ್ಲ ನನ್ನ ಕೈಲಿಲ್ಲಮ್ಮ. ಮೇಲಿನವರ ತೀರ್ಮಾನ."

"ಅವರನ್ನೂ ಕರೀರಿ. ನಿಮ್ಮ ಪಕ್ಕ ಮಲಗಕ್ಕೆ ಜಾಗ ಇದೆ."

ಸುತ್ತಲಿದ್ದವರು ಈ ಸಲ ಮುಖ ತಿರುಗಿಸದೆ ನಕ್ಕರು. ಮ್ಯಾನೇಜರ್ ಮಲಗಿದ್ದಲ್ಲಿಂದಲೇ ಫೋನು ತೆಗೆದ. ಕೈ ಕೆಸರಾಗಿತ್ತು, ಬೆರಳು ಜಾರಿತು. ಎಲ್ಲರಿಗೂ ಕೇಳುವ ಸ್ಪೀಕರ್ ಬಟನ್ ಒತ್ತಿಬಿಟ್ಟ. ಜಾಲ ನಡೆಸುವ ಕೋಣೆಯ ಎಂಜಿನಿಯರ್ ಹೆಂಗಸು ಆ ಕಡೆಯಿಂದ ಮಾತಾಡಿದಳು.

"ಎಲ್ಲ ಊರಿಗೂ ಆ ಫೈಲ್ ತಡೆ ತೆಗೆದು, ಎಲ್ಲಾನೂ ಸಮ ಮಾಡಿದರೆ ಏನಾಗುತ್ತೆ?" ಎಂದು ಕೇಳಿದ ಮ್ಯಾನೇಜರ್.

"ಏನೂ ಆಗಲ್ಲ ಸಾರ್. ಎಲ್ಲರಿಗೂ ಸ್ವಲ್ಪ ಸ್ವಲ್ಪ ನಿಧಾನ ಆಗುತ್ತೆ. ನಾನು ಬುಧವಾರವೇ ಹೇಳಿದ್ದೆನಲ್ಲ? ತಡೆ ಬೇಡ, ಆಸ್ಪತ್ರೆ, ಫೋನು ಮುಂದೆ ಬಿಟ್ಟು ಉಳಿದದ್ದು ಸಮ ಮಾಡೋಣ ಅಂತ. ನೀವೇ ತಾನೆ, ನಮ್ಮ ಸಿನಿಮಾ ಅಂಗಡಿ ಒಂದು ನಿಮಿಷಾನೂ ನಿಲ್ಲಬಾರದು, ಬೇಕಾದ್ರೆ ಫೈಲಿನೋರನ್ನ ಹಿಸುಕು ಅಂದದ್ದು?"

ನಾಲ್ಕು ರಸ್ತೆ ಕೂಡುವ ಜಾಗ. ಗಾಡಿಗಳು ನಿಂತಿದ್ದವು. ಸುಮಾರು ಅರವತ್ತು ಜನ. ಫೋನು ಮಾತ್ರ "ಹಲೋ, ಸಾರ್, ಕೇಳಿಸ್ತಾ?" ಎನ್ನುತ್ತಿತ್ತು.

ಎಲ್ಲರಿಗೂ ಕೇಳಿಸಿತ್ತು.

"ಹಾಗಾದ್ರೆ ಸಮ ಮಾಡಿ" ಎಂದ ಮ್ಯಾನೇಜರ್, ಆ ಉಪಾಯ ತನಗೇ ಆಗ ಹೊಳೆದ ಹಾಗೆ. "ಈಗಲೇ."

ಸೂಜಿ ತುದಿ ಕೊಡಲಿಲ್ಲ. ಇನ್ನೂ ಫೋನಿನಲ್ಲೇ ಇದ್ದ ತಂಗಿಗೆ, "ನೋಡು" ಎಂದಳು. ಆಮೇಲೆ, "ಕೇಳು" ಎಂದು ತಿದ್ದಿಕೊಂಡಳು. ಸ್ವಲ್ಪ ಹೊತ್ತಾಯಿತು. ಗುಂಡಿಯೊಳಗಿನ ಸ್ವಲ್ಪ ಹೊತ್ತು ಮೇಲಿನದಕ್ಕಿಂತ ಉದ್ದ. ಕೊನೆಗೆ ಫೋನಿನಲ್ಲಿ ಕಂಪ್ಯೂಟರಿನ ಚಪ್ಪಟೆ ದನಿ ಕೇಳಿಸಿತು: "ಉಳಿದಿರುವ ಸಮಯ, ಆರು ಗಂಟೆ."

"ಬರ್ತಾ ಇದೆ ಅಕ್ಕ" ಎಂದಳು ತಂಗಿ. "ಮಾವನದೂ ಹೊರಟಿತು."

ಅವಳ ಹಿಂದಿನಿಂದ ಟೈಲರ್ ಅತ್ತೆಯ ಕೂಗು ಬಂತು: "ಅಯ್ಯೋ, ನನ್ನ ಧಾರಾವಾಹಿ ನಿಂತು ನಿಂತು ಬರ್ತಾ ಇದೆಯಲ್ಲೇ! ಅವನು ಬಾಗಿಲು ತೆಗೆಯಕ್ಕೆ ಕೈ ಎತ್ತಿದೋನು ಎತ್ತಿದಂಗೇ ಇದ್ದಾನೆ!"

"ಸಮ ಅಂದ್ರೆ ಇದೇ ಅತ್ತೆ" ಎಂದಳು ತಂಗಿ.

ಸೂಜಿ ಎದ್ದಳು. ಏಳಲು ಗೋಡೆ ಹಿಡಿಯಬೇಕಾಯಿತು. ಬಟ್ಟೆ ಬಿಚ್ಚಿ ಕೇಬಲ್ಲಿನ ತುದಿಯನ್ನು ಮೇಲೆ ಚಾಚಿದಳು. ಅದು ಒಣಗಿತ್ತು. ಅವಳ ಮೈಮೇಲೆ ಒಣಗಿದ್ದ ಜಾಗ ಒಂದೂ ಇರಲಿಲ್ಲ. ಜಾಯಿಂಟರ್ ಎರಡು ಕೈಯಿಂದ ತೆಗೆದುಕೊಂಡು ವ್ಯಾನಿಗೆ ಹೋದ. ಮ್ಯಾನೇಜರ್ ಎದ್ದು ಎದೆಯ ಕೆಸರು ಒರೆಸಿಕೊಂಡ, ಒರೆಸಿದಷ್ಟೂ ಹರಡಿತು. ಕಾರಿನ ಸೀಟಿನ ಮೇಲೆ ಕಾಗದ ಹಾಸಿಕೊಂಡು ಕೂತು ಹೋದ.

ಸೋಮವಾರ ತಂಗಿ ಪರೀಕ್ಷೆ ಬರೆದಳು. ಒಂಬತ್ತನೇ ಪಾಠದಿಂದ ಒಂದು ಪ್ರಶ್ನೆಯೂ ಬರಲಿಲ್ಲ, ಅದಕ್ಕೆ ಅವಳು ಪರೀಕ್ಷೆ ಮಾಡಿದವರನ್ನು ಒಂದು ವಾರ ಬೈದಳು. ಅದೆಲ್ಲ ಆಮೇಲಿನ ಮಾತು. ಅವತ್ತು ನಾಲ್ಕು ರಸ್ತೆಯಲ್ಲಿ ಇನ್ನೂ ಸ್ವಲ್ಪ ನಡೆಯುವುದಿತ್ತು.

ದೊಡ್ಡಕ್ಕ ಕೈ ಕೊಟ್ಟು ಸೂಜಿಯನ್ನು ಮೇಲೆಳೆದಳು. ಹೆಂಗಸರು ಸುತ್ತ ಅಡ್ಡ ನಿಂತು ಅವಳನ್ನು ಪಕ್ಕದ ಅಂಗಡಿಯ ಹಿಂದಿನ ಬಚ್ಚಲಿಗೆ ಕರೆದುಕೊಂಡು ಹೋಗಿ ಬಂದರು. ವಾಪಸ್ ಬಂದಾಗ ಸೂಪರ್‌ವೈಸರ್ ಕಾಯುತ್ತಿದ್ದ. ಜನ ಚದುರಿದ್ದರು. ಅವನಿಗೆ ಧೈರ್ಯ ಬಂದಿತ್ತು.

"ಕಂಪನಿ ಜಾಕೆಟ್ಟು ಬಿಚ್ಚು. ನಾಳೆಯಿಂದ ಬರಬೇಡ."

ಸೂಜಿ ಜಾಕೆಟ್ಟಿನ ಗುಂಡಿ ಬಿಚ್ಚಿದಳು. ಬೆರಳು ಮರಗಟ್ಟಿತ್ತು, ತಡವಾಯಿತು. ಕಿತ್ತಳೆ ಬಣ್ಣದ್ದು, ಬೆನ್ನ ಮೇಲೆ ಕಂಪನಿಯ ಗುರುತು, ಸೊಂಟದಿಂದ ಕೆಳಗೆ ಕೆಸರಿನ ಬಣ್ಣ. ಅದನ್ನು ಹಿಂಡಿ, ಕೊಡವಿ, ರಸ್ತೆ ಬದಿಯ ಕಬ್ಬಿಣದ ಕಂಬಿಯ ಮೇಲೆ ಹರಡಿದಳು.

ದೊಡ್ಡಕ್ಕ ಒಮ್ಮೆ ನೋಡಿದಳು. ತನ್ನ ಜಾಕೆಟ್ಟು ಬಿಚ್ಚಿ ಅದರ ಪಕ್ಕದಲ್ಲಿ ಹರಡಿದಳು. ಉಳಿದ ಮೂವರೂ ಒಬ್ಬೊಬ್ಬರಾಗಿ ಬಿಚ್ಚಿದರು. ಕಂಬಿಯ ಮೇಲೆ ಐದು ಕಿತ್ತಳೆ ಜಾಕೆಟ್ಟು. ಐವರೂ ಅದರ ಕೆಳಗೆ ಕಾಲು ಚಾಚಿ ಕೂತರು.

"ಇದೇನಿದು?" ಎಂದ ಸೂಪರ್‌ವೈಸರ್.

"ಒಣಗಕ್ಕೆ ಹಾಕಿದ್ದೀವಿ" ಎಂದಳು ದೊಡ್ಡಕ್ಕ.

"ನಿಮ್ಮದು ಒದ್ದೆ ಆಗೇ ಇಲ್ಲ!"

"ಬೆವರು" ಎಂದಳು ದೊಡ್ಡಕ್ಕ. "ನಿಮಗೆ ಕಾಣಲ್ಲ."

ಸೂಪರ್‌ವೈಸರ್ ರಸ್ತೆಯ ಉದ್ದಕ್ಕೂ ನೋಡಿದ. ಇನ್ನೂ ಮೂರು ಗುಂಡಿ. ಮೊದಲನೆಯದರ ಮುಚ್ಚಳ ತೆಗೆದಿಟ್ಟಿದ್ದರು. ಹತ್ತಿರ ಹೋಗಿ ಬಗ್ಗಿದ. ಕಪ್ಪು ನೀರು. ತನ್ನ ಹೊಟ್ಟೆ ನೋಡಿಕೊಂಡ. ಗುಂಡಿಯ ಬಾಯಿ ನೋಡಿದ. ವ್ಯಾನಿನ ಕಿಟಕಿಯಿಂದ ಜಾಯಿಂಟರ್ ತಲೆ ಹೊರಹಾಕಿ, "ಇಲ್ಲೀದು ಮುಗೀತು, ಮುಂದಿನ ತುದಿ ಯಾರು ಕೊಡ್ತೀರಿ?" ಎಂದು ಕೂಗಿದ. ಸೂಪರ್‌ವೈಸರನ ಜೇಬಿನಲ್ಲಿ ಫೋನು ಬಡಿದುಕೊಂಡಿತು, ನಿಂತಿತು, ಮತ್ತೆ ಬಡಿದುಕೊಂಡಿತು.

ಅವನು ನಿಧಾನವಾಗಿ ಕಂಬಿಯ ಹತ್ತಿರ ಬಂದ. ಕೊನೆಯಲ್ಲಿದ್ದ ಕೆಸರು ಜಾಕೆಟ್ಟನ್ನು ತೆಗೆದ. ಎಲ್ಲಿ ಹಿಡಿಯುವುದೆಂದು ತಿಳಿಯದೆ, ಕಾಲರಿನಲ್ಲಿ ಎರಡು ಬೆರಳಿಂದ ಹಿಡಿದು ಸೂಜಿಯ ಮುಂದೆ ಚಾಚಿದ. ಅವಳನ್ನು ನೋಡಲಿಲ್ಲ.

"ತಗೋ. ಹಾಕ್ಕೊ."

ಸೂಜಿ ಬಿಸಿಲಿಗೆ ಮುಖವೊಡ್ಡಿ ಕಣ್ಣು ಮುಚ್ಚಿಕೊಂಡಿದ್ದಳು. ಒಂದು ಕಣ್ಣು ತೆರೆದು ಜಾಕೆಟ್ಟಿನ ತೋಳು ಮುಟ್ಟಿ ನೋಡಿದಳು.

"ಇನ್ನೂ ಒದ್ದೆ ಇದೆ ಸಾರ್" ಎಂದಳು. "ಹಿಡ್ಕೊಂಡಿರಿ."